ನೊಳಂಬಕುಲಾಂತಕ ಮಾರಸಿಂಹ: ಪುಲಿಗೆರೆಯನ್ನಾಳಿದ ಗಂಗ ದೊರೆಯ ಯುದ್ಧ ಮತ್ತು ವ್ರತ

ಲಕ್ಷ್ಮೇಶ್ವರದ ಶಂಖ ಬಸದಿಗೆ ದರ್ಶನಕ್ಕೆ ಬಂದವರು ಸಹಸ್ರಕೂಟ ಜಿನಬಿಂಬದ ಮುಂದೆ ಕೈಮುಗಿದು ನಿಲ್ಲುತ್ತಾರೆ, ಫೋಟೊ ತೆಗೆದುಕೊಳ್ಳುತ್ತಾರೆ, ಪಂಪ ಮಹಾಕವಿಯ ಹೆಸರು ಹೇಳಿಕೊಂಡು ಹೋಗುತ್ತಾರೆ. ಅದೇ ಬಸದಿಯ ಶಾಸನಗಳಲ್ಲಿ ಶಕ ವರ್ಷ 890ರ, ಅಂದರೆ ಕ್ರಿ.ಶ. 968ರ ಸುಮಾರಿನ ಒಂದು ದಾನಶಾಸನವಿದೆ. ಪುಲಿಗೆರೆಯಲ್ಲಿದ್ದ ಗಂಗಕಂದರ್ಪ ಜಿನೇಂದ್ರ ಮಂದಿರಕ್ಕಾಗಿ ಜಯದೇವ ಪಂಡಿತರಿಗೆ ಭೂಮಿ ಕೊಟ್ಟ ದಾಖಲೆ ಅದು. ಕೊಟ್ಟವನು ಗಂಗ ವಂಶದ ಎರಡನೆಯ ಮಾರಸಿಂಹ. ಗಂಗಕಂದರ್ಪ ಎಂಬುದು ಅವನದೇ ಬಿರುದು.

ದಾನ ಕೊಟ್ಟ ಈ ಕೈ ಅದೇ ವರ್ಷಗಳಲ್ಲಿ ತಾಪಿ ನದಿಯ ದಡದಿಂದ ಉಚ್ಚಂಗಿ ಬೆಟ್ಟದವರೆಗೆ ಕತ್ತಿ ಹಿಡಿದಿತ್ತು. ಹತ್ತನೆಯ ಶತಮಾನದಲ್ಲಿ ಕನ್ನಡ ನಾಡಿನಲ್ಲಿ ಅವನಷ್ಟು ಯುದ್ಧ ಮಾಡಿದ ಜೈನ ಅರಸರು ವಿರಳ. ಕೊನೆಗೆ ಕಿರೀಟ ಇಳಿಸಿ, ಲಕ್ಷ್ಮೇಶ್ವರಕ್ಕೆ ದೂರವಲ್ಲದ ಬಂಕಾಪುರದಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ. ಚಾವುಂಡರಾಯನ ಹೆಸರು ಮಕ್ಕಳಿಗೂ ಗೊತ್ತು. ಆ ಚಾವುಂಡರಾಯನಿಗೆ ಒಡೆಯನಾಗಿದ್ದವನ ಹೆಸರು ಇಂದು ಗದಗ ಜಿಲ್ಲೆಯಲ್ಲೇ ಅಷ್ಟಾಗಿ ಕೇಳಿಬರುವುದಿಲ್ಲ.

ತಲಕಾಡಿನ ಗಂಗರಿಗೆ ತುಂಗಭದ್ರೆಯ ಈಚೆಗಿನ ಈ ಸೀಮೆ ಬಂದದ್ದು ಹೇಗೆ ಎಂಬುದನ್ನು ಮೊದಲು ತಿಳಿಯಬೇಕು. ಮಾರಸಿಂಹನ ತಂದೆ ಇಮ್ಮಡಿ ಬೂತುಗ. ರಾಷ್ಟ್ರಕೂಟ ಮನೆತನದ ರೇವಕನಿಮ್ಮಡಿಯನ್ನು ಮದುವೆಯಾಗಿ, ಮುಮ್ಮಡಿ ಕೃಷ್ಣನಿಗೆ ಭಾವಮೈದುನನಾದವನು. ಕ್ರಿ.ಶ. 949ರಲ್ಲಿ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ಕೃಷ್ಣನಿಗೂ ಚೋಳರಿಗೂ ದೊಡ್ಡ ಯುದ್ಧ ನಡೆಯಿತು. ಚೋಳ ಸೇನೆಯನ್ನು ನಡೆಸುತ್ತಿದ್ದವನು ಯುವರಾಜ ರಾಜಾದಿತ್ಯ. ಬೂತುಗ ಸೇನೆಯ ಉದ್ದಕ್ಕೂ ಬಲವನ್ನು ಹರಡಲಿಲ್ಲ. ನೇರವಾಗಿ ರಾಜಾದಿತ್ಯನಿದ್ದ ಆನೆಯ ಕಡೆಗೇ ನುಗ್ಗಿ ಅವನನ್ನು ಕೊಂದ. ಆ ಕಾಲದ ಯುದ್ಧದಲ್ಲಿ ಆನೆಯ ಮೇಲೆ ಕುಳಿತ ದಂಡನಾಯಕ ಎಲ್ಲ ಸೈನಿಕರಿಗೂ ಕಾಣುವ ಗುರುತು. ಅವನಿರುವವರೆಗೆ ಸೇನೆ ನಿಲ್ಲುತ್ತದೆ, ಬಿದ್ದರೆ ಸಾವಿರಾರು ಜನ ಒಂದೇ ಗಳಿಗೆಯಲ್ಲಿ ದಿಕ್ಕು ತಪ್ಪುತ್ತಾರೆ. ಚೋಳರ ದಾಖಲೆ ಬಾಣ ತಾಗಿ ಸತ್ತನೆನ್ನುತ್ತದೆ, ಮಂಡ್ಯ ಸೀಮೆಯ ಆತಕೂರು ಶಾಸನ ಬೂತುಗ ಇರಿದು ಕೊಂದನೆನ್ನುತ್ತದೆ. ಹೇಗೆ ಸತ್ತರೂ ಆ ದಿನದ ಗೆಲುವನ್ನು ತೀರ್ಮಾನಿಸಿದ್ದು ಅದೊಂದೇ ಸಾವು. ಅದಕ್ಕೆ ಮೆಚ್ಚಿ ಕೃಷ್ಣ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವಿಷ್ಟನ್ನೂ ಬೂತುಗನಿಗೆ ಬಿಟ್ಟುಕೊಟ್ಟನೆಂದು ಆತಕೂರು ಶಾಸನ ಹೇಳುತ್ತದೆ. ಬೆಳ್ವೊಲದಲ್ಲಿ ಗದಗ, ಲಕ್ಕುಂಡಿ, ಮುಳಗುಂದ, ಅಣ್ಣಿಗೇರಿ ಇದ್ದವು. ಪುಲಿಗೆರೆ ಎಂದರೆ ಲಕ್ಷ್ಮೇಶ್ವರವೇ.

ಇವನ್ನು ಬರೀ ಬಳುವಳಿ ಎಂದುಕೊಳ್ಳಬಾರದು. ನಕಾಶೆ ಹರಡಿ ನೋಡಿದರೆ ಕೃಷ್ಣನ ಲೆಕ್ಕ ತಿಳಿಯುತ್ತದೆ. ರಾಜಧಾನಿ ಮಾನ್ಯಖೇಟ, ಅಂದರೆ ಈಗಿನ ಮಳಖೇಡ, ಲಕ್ಷ್ಮೇಶ್ವರದಿಂದ ನೇರ ಗೆರೆಯಲ್ಲಿ ಸುಮಾರು 300 ಕಿಲೋಮೀಟರ್ ಈಶಾನ್ಯಕ್ಕಿದೆ. ತಲಕಾಡು 350 ಕಿಲೋಮೀಟರಿಗೂ ಹೆಚ್ಚು ದೂರ ಆಗ್ನೇಯಕ್ಕಿದೆ. ನಂಬಿಕಸ್ತ ನೆಂಟನನ್ನು ಎರಡರ ನಡುವೆ ಕೂರಿಸಿದರೆ ತುಂಗಭದ್ರೆಯ ಹಾದಿ ಕಾಯುವ ಚಿಂತೆ ಚಕ್ರವರ್ತಿಗಿಲ್ಲ. ಶಿರಹಟ್ಟಿ, ಮುಂಡರಗಿ ತಾಲೂಕುಗಳ ತೆಂಕಣ ಅಂಚು ಇಂದಿಗೂ ತುಂಗಭದ್ರೆಯೇ. ನಡುವೆ ಕಪ್ಪತಗುಡ್ಡ ಬೆನ್ನಿಗಿದೆ. ಎರೆ ಹೊಲದಲ್ಲಿ ಒಂದು ಒಳ್ಳೆ ಹಿಂಗಾರಿ ಬಂತೆಂದರೆ ಜೋಳಕ್ಕೆ ಕೊರತೆಯಿಲ್ಲ. ದಂಡು ನಡೆಯುವುದು ಹೊಟ್ಟೆಯ ಮೇಲೆ. ಕುದುರೆ, ಆನೆ, ಕಾಲಾಳುಗಳಿಗೆ ಕಾಳು, ಕಣಕಿ ಒದಗಿಸುವ ಸೀಮೆ ಯಾರ ಕೈಯಲ್ಲಿದೆಯೋ ಅವರು ಮುಂದಿನ ಯುದ್ಧಕ್ಕೆ ಅರ್ಧ ತಯಾರಾದಂತೆ. ಆದರೆ ಎರೆ ನೆಲಕ್ಕೆ ಇನ್ನೊಂದು ಗುಣವಿದೆ. ಮಳೆಗಾಲದಲ್ಲಿ ಚಕ್ಕಡಿಯ ಗಾಲಿ ಅಚ್ಚಿನವರೆಗೆ ಹೂತುಹೋಗುತ್ತದೆ ಎಂದು ಇಲ್ಲಿಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹಿಂದಿನ ದಂಡುಗಳು ಮಳೆ ನಿಂತು, ನೆಲ ಗಟ್ಟಿಯಾಗಿ, ನವರಾತ್ರಿ ಕಳೆದ ಮೇಲೆ ಹೊರಡುತ್ತಿದ್ದುದು ಸುಮ್ಮನೆ ಅಲ್ಲ.

ಬೂತುಗನಿಗೆ ರೇವಕನಿಮ್ಮಡಿಯಲ್ಲಿ ಹುಟ್ಟಿದ ಮಗ ಮರುಳದೇವ. ಇನ್ನೊಬ್ಬ ರಾಣಿ ಕಲ್ಲಬ್ಬೆಯ ಮಗ ಮಾರಸಿಂಹ. ತಂದೆಯ ನಂತರ ಅಣ್ಣ ಮರುಳದೇವ ಕೆಲವು ವರ್ಷ ಆಳಿದ, ಆಮೇಲೆ ಪಟ್ಟ ಮಾರಸಿಂಹನಿಗೆ ಬಂತು. ಕ್ರಿ.ಶ. 962ರಲ್ಲಿ ತಾಯಿ ಕಲ್ಲಬ್ಬೆ ಕಟ್ಟಿಸಿದ ಬಸದಿಗಾಗಿ ಏಳಾಚಾರ್ಯರಿಗೆ ಅವನು ಗ್ರಾಮದಾನ ಮಾಡಿದ ತಾಮ್ರಪಟವಿದೆ. ಮರುವರ್ಷದ ಕೂಡ್ಲೂರು ತಾಮ್ರಪಟದಲ್ಲಿ ತನಗೆ ವಿದ್ಯೆ ಕಲಿಸಿದ ಮುಂಜಾರ್ಯ ವಾದಿಘಂಘಲ ಭಟ್ಟ ಎಂಬ ಬ್ರಾಹ್ಮಣ ವಿದ್ವಾಂಸರಿಗೆ ಗುರುದಕ್ಷಿಣೆಯಾಗಿ ಊರು ಕೊಟ್ಟಿದ್ದಾನೆ. ಅದೇ ತಾಮ್ರಪಟದ ಪ್ರಕಾರ ಉತ್ತರದ ದಂಡಯಾತ್ರೆಗೆ ಹೊರಟ ಕೃಷ್ಣ ಚಕ್ರವರ್ತಿಯೇ ತನ್ನ ಕೈಯಾರೆ ಅವನಿಗೆ ಗಂಗವಾಡಿಯ ಪಟ್ಟ ಕಟ್ಟಿದ. ದೂರ ಹೋಗುವ ಮುನ್ನ ಬೆನ್ನಿನ ಬಾಗಿಲಿಗೆ ಚಿಲಕ ಹಾಕುವುದು ಜಾಣ ಸೇನಾನಿಯ ಮೊದಲ ಕೆಲಸ, ಕೃಷ್ಣ ಮಾಡಿದ್ದು ಅದನ್ನೇ.

ಹೊಸ ದೊರೆ ಬಾಗಿಲು ಕಾಯುತ್ತ ಕೂರಲಿಲ್ಲ. ಕೃಷ್ಣನ ಪರವಾಗಿ ಉತ್ತರದಲ್ಲಿ ಹೋರಾಡಿ ಗೂರ್ಜರಾಧಿರಾಜ ಎಂಬ ಹೆಸರು ಪಡೆದ. ಅವನ ಬಗ್ಗೆ ನಮಗೆ ಹೆಚ್ಚು ವಿಷಯ ಕೊಡುವುದು ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿರುವ ಕೂಗೆ ಬ್ರಹ್ಮದೇವರ ಕಂಬದ ಶಾಸನ. ಕೃಷ್ಣನ ವೈರಿಯಾದ ಅಲ್ಲನ ಸೊಕ್ಕು ಮುರಿದದ್ದು, ವಿಂಧ್ಯದ ಕಾಡಿನ ಕಿರಾತರನ್ನು ಚದುರಿಸಿದ್ದು, ಪಾತಾಳಮಲ್ಲನ ತಮ್ಮ ವಜ್ಜಳನನ್ನು ಸೋಲಿಸಿದ್ದು, ಶಬರ ನಾಯಕ ನರಗನನ್ನು ಕೊಂದದ್ದು ಎಲ್ಲವೂ ಅದರಲ್ಲಿ ಸಾಲಾಗಿ ಬರುತ್ತವೆ. ತಾಪಿಯ ದಡ, ಮಾನ್ಯಖೇಟ, ಗೋನೂರು, ಉಚ್ಚಂಗಿ, ಬನವಾಸಿ ಅವನ ಯುದ್ಧಭೂಮಿಗಳು. ತಾಪಿ ಲಕ್ಷ್ಮೇಶ್ವರದಿಂದ 650 ಕಿಲೋಮೀಟರಿಗೂ ಹೆಚ್ಚು ದೂರ. ಪ್ರಶಸ್ತಿ ಶಾಸನಗಳು ಸೋಲಿನ ಲೆಕ್ಕ ಬರೆಯುವುದಿಲ್ಲ, ಅದು ಓದುವವರ ನೆನಪಿನಲ್ಲಿರಬೇಕು. ಅಷ್ಟಾದರೂ ಸುಮಾರು ಹನ್ನೊಂದು ವರ್ಷದ ಆಳ್ವಿಕೆಯಲ್ಲಿ ಇಷ್ಟು ದಿಕ್ಕುಗಳಿಗೆ ದಂಡು ಒಯ್ದ ಅರಸನಿಗೆ ಸಾಗಣೆಯ ಏರ್ಪಾಡು ಬಲವಾಗಿಯೇ ಇದ್ದಿರಬೇಕು.

ಗಂಗರ ಬಲ ಆನೆ. ಮನೆತನದ ಲಾಂಛನವೇ ಮದಗಜ. ಅದೇ ವಂಶದ ಶಿವಮಾರ ಆನೆಗಳ ಕುರಿತು ಕೃತಿ ರಚಿಸಿದ್ದನೆಂಬ ಪ್ರಸಿದ್ಧಿಯಿದೆ. ಗಂಗವಾಡಿಯ ಕಾಡುಗಳಲ್ಲಿ ಆನೆ ಹಿಡಿದು ಪಳಗಿಸುವುದು ಅವರಿಗೆ ತಲೆಮಾರುಗಳಿಂದ ಬಂದ ವಿದ್ಯೆ. ಇದೇ ಕಾಲದಲ್ಲಿ, ಇದೇ ಕೃಷ್ಣನ ಸಾಮ್ರಾಜ್ಯದಲ್ಲಿ, ಸೋಮದೇವ ಸೂರಿಗಳು ಎಂಬ ಜೈನ ಆಚಾರ್ಯರಿದ್ದರು. ಕ್ರಿ.ಶ. 959ರಲ್ಲಿ ಯಶಸ್ತಿಲಕ ಚಂಪೂ ಮುಗಿಸಿದ ಅವರೇ ನೀತಿವಾಕ್ಯಾಮೃತ ಎಂಬ ರಾಜನೀತಿಯ ಗ್ರಂಥವನ್ನೂ ಬರೆದರು. ಸೇನೆಯಲ್ಲಿ ಆನೆಯೇ ಪ್ರಧಾನ ಅಂಗ, ಆದರೆ ಶಿಕ್ಷಣವಿಲ್ಲದ ಆನೆ ಹಣವನ್ನೂ ಜೀವವನ್ನೂ ತಿನ್ನುತ್ತದೆ ಎಂಬ ಮಾತು ಅದರಲ್ಲಿದೆ. ಬುದ್ಧಿಯಿಂದ ಗೆಲ್ಲುವ ದಾರಿಯಿರುವಾಗ ಆಯುಧಕ್ಕೆ ಕೈ ಹಾಕಬಾರದು ಎಂಬುದು ಅದರ ನಿಲುವು. ಪಂಚಮಹಾವ್ರತ ಪಾಲಿಸುವ ಮುನಿಗಳು ಯುದ್ಧದ ಅಧ್ಯಾಯ ಬರೆದರೇ ಎಂದು ಕೆಲವರು ಅಚ್ಚರಿಪಡಬಹುದು. ಮುನಿಯ ಮಹಾವ್ರತ ಬೇರೆ, ಶ್ರಾವಕನ ಅಣುವ್ರತ ಬೇರೆ. ಸಂಕಲ್ಪಪೂರ್ವಕವಾಗಿ ನಿರಪರಾಧಿಯನ್ನು ಕೊಲ್ಲುವುದು ಶ್ರಾವಕನಿಗೆ ಸಲ್ಲದು. ಮೇಲೆ ಬಿದ್ದವನನ್ನು ತಡೆಯುವಾಗ ಆಗುವ ವಿರೋಧಿ ಹಿಂಸೆಯನ್ನು ಗೃಹಸ್ಥನಾದ ಅರಸ ಪೂರ್ತಿ ಬಿಡಲಾರ ಎಂದು ಆಚಾರ್ಯರು ಒಪ್ಪಿದ್ದಾರೆ. ಮಾರಸಿಂಹನ ಎಲ್ಲ ಯುದ್ಧಗಳೂ ಈ ಗೆರೆಯೊಳಗೆ ಬರುತ್ತವೆಯೇ? ತಾಪಿಯ ದಡದಲ್ಲಿ ಅವನು ತಡೆದದ್ದು ಯಾರ ಮೇಲಿನ ದಾಳಿಯನ್ನು? ಚಕ್ರವರ್ತಿಯ ಆಜ್ಞೆ ಎಂದು ಒಂದು ಉತ್ತರ ಕೊಡಬಹುದು, ಪೂರ್ತಿ ಸಮಾಧಾನ ಕೊಡುವ ಉತ್ತರವಲ್ಲ ಅದು.

ಅವನ ಜೀವನದ ಅತಿ ಕಠಿಣ ಯುದ್ಧ ನೊಳಂಬರ ಮೇಲಿನದು. ನೊಳಂಬವಾಡಿ 32000 ಎಂದರೆ ಈಗಿನ ಚಿತ್ರದುರ್ಗ, ತುಮಕೂರು, ಬಳ್ಳಾರಿ, ಅನಂತಪುರ ಸೀಮೆಗಳ ಭಾಗಗಳು. ರಾಜಧಾನಿ ಹೆಂಜೇರು, ಇಂದಿನ ಆಂಧ್ರದ ಹೇಮಾವತಿ. ಹೊರಗಿನವರಲ್ಲ; ಹಿಂದಿನ ತಲೆಮಾರುಗಳಲ್ಲಿ ಗಂಗರ ಹೆಣ್ಣು ನೊಳಂಬರ ಮನೆಗೆ ಹೋಗಿದ್ದುಂಟು. ಆದರೆ ನಕಾಶೆಯಲ್ಲಿ ಅವರ ಜಾಗ ಮಾರಸಿಂಹನಿಗೆ ನುಂಗಲಾರದ ತುತ್ತು. ತೆಂಕಣಕ್ಕೆ ಗಂಗವಾಡಿ 96000, ಬಡಗಣಕ್ಕೆ ಬೆಳ್ವೊಲ ಮತ್ತು ಪುಲಿಗೆರೆ. ಎರಡು ಕಡೆ ಆಸ್ತಿಯಿದ್ದವನಿಗೆ ನಡುವಿನ ದಾರಿಯ ಮಗ್ಗುಲಲ್ಲೇ ಒಬ್ಬ ಎದುರಾಳಿ ಕೂತಂತೆ. ಗಂಗವಾಡಿಯ ಆನೆಗಳು ಬೆಳ್ವೊಲಕ್ಕೆ ಬರಬೇಕಾದರೂ, ಬೆಳ್ವೊಲದ ಕಾಳು ಕೆಳಗೆ ಹೋಗಬೇಕಾದರೂ ನೊಳಂಬರು ಮನಸ್ಸು ಮಾಡಿದರೆ ಅಡ್ಡ ಬರಬಹುದು. ಮಾನ್ಯಖೇಟದ ಗದ್ದುಗೆ ಅಲುಗುತ್ತಿದ್ದ ಆ ದಿನಗಳಲ್ಲಿ ಅವನು ಈ ಮುಳ್ಳನ್ನು ಕೀಳಲು ಹೊರಟದ್ದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಿಲ್ಲ.

ಗೋನೂರಿನ ಬಯಲಿನಲ್ಲಿ ನೊಳಂಬರ ಸೇನೆ ಮುರಿಯಿತು. ಆ ದಿನದ ಪರಾಕ್ರಮಕ್ಕೆ ಚಾವುಂಡರಾಯನಿಗೆ ವೀರಮಾರ್ತಂಡ ಎಂಬ ಬಿರುದು ಬಂತು. ಉಳಿದದ್ದು ಉಚ್ಚಂಗಿ. ಹರಪನಹಳ್ಳಿ ತಾಲೂಕಿನ ಉಚ್ಚಂಗಿದುರ್ಗಕ್ಕೆ ಅಮ್ಮನ ದರ್ಶನಕ್ಕೆ ಹೋದವರಿಗೆ ಆ ಬೆಟ್ಟದ ಏರು ಗೊತ್ತು. ಹಿಂದೆ ಕಾಡುವೆಟ್ಟಿ ಮುತ್ತಿಗೆ ಹಾಕಿ ಗೆಲ್ಲಲಾಗದೆ ಬಿಟ್ಟ ಕೋಟೆ ಅದು ಎಂದು ಶಾಸನ ನೆನಪಿಸುತ್ತದೆ. ಬಯಲಿನಲ್ಲಿ ಗೆಲುವು ತರುವ ಆನೆ ಕಡಿದಾದ ಬೆಟ್ಟದ ಮೆಟ್ಟಿಲಲ್ಲಿ ಉಪಯೋಗಕ್ಕಿಲ್ಲ. ಇಂಥ ಗಿರಿದುರ್ಗಗಳು ಆ ಕಾಲದಲ್ಲಿ ಬೀಳುತ್ತಿದ್ದುದು ಹೊರಗಿನಿಂದ ಕಾಳು ಬರುವ ದಾರಿ ಕಟ್ಟಿ, ಒಳಗಿನ ನೀರು ಬತ್ತುವವರೆಗೆ ಕಾದಾಗ, ಇಲ್ಲವೆ ಒಳಗಿನವರೇ ಒಡೆದಾಗ. ಮುತ್ತಿಗೆ ಹಾಕಿದವನಿಗೂ ಅಷ್ಟೇ ದಿನ ಅನ್ನ ಬೇಕು. ನದಿಯ ಈಚೆಗೆ ಬೆಳ್ವೊಲದ ಹಗೇವುಗಳನ್ನು ಕೈಯಲ್ಲಿಟ್ಟುಕೊಂಡವನಿಗೆ, ಇಲ್ಲದವನಿಗಿಂತ ಹೆಚ್ಚು ದಿನ ಕಾಯಲು ಸಾಧ್ಯ. ಉಚ್ಚಂಗಿಯಲ್ಲಿ ಅವನಿಗೆ ಎದುರಾದವರಲ್ಲಿ ಚಾಲುಕ್ಯ ಕುಲದ ರಾಜಾದಿತ್ಯನೂ ಇದ್ದ. ಇವನು ತಕ್ಕೋಲದಲ್ಲಿ ಸತ್ತ ಚೋಳ ರಾಜಾದಿತ್ಯನಲ್ಲ, ಹೆಸರು ಒಂದೇ ಆದ್ದರಿಂದ ಗೊಂದಲ ಬೇಡ. ಅವನನ್ನು ಸೋಲಿಸಿದ್ದಕ್ಕೆ ಚಾವುಂಡರಾಯ ರಣರಂಗಸಿಂಗನಾದ. ಕೋಟೆ ಬಿತ್ತು. ಮಾರಸಿಂಹ ನೊಳಂಬಕುಲಾಂತಕನಾದ, ನೊಳಂಬ ಕುಲಕ್ಕೆ ಯಮ ಎಂದು ಅರ್ಥ.

ಬಿರುದು ಸ್ವಲ್ಪ ಹೆಚ್ಚಿನ ಮಾತು. ನೊಳಂಬರು ಪೂರ್ತಿ ಅಳಿಯಲಿಲ್ಲ, ಮುಂದೆ ಚಾಲುಕ್ಯರ ಸಾಮಂತರಾಗಿ ಅದೇ ಹೆಸರಿನ ಅರಸರು ಮತ್ತೆ ಕಾಣಿಸಿಕೊಳ್ಳುತ್ತಾರೆ. ಹೆಣ್ಣು ಕೊಟ್ಟು ತಂದ ಮನೆತನವನ್ನು ಬೇರುಸಹಿತ ಕಿತ್ತೆನೆಂದು ಹೆಮ್ಮೆಯಿಂದ ಹೇಳಿಕೊಳ್ಳುವ ಬಿರುದು ಶ್ರಾವಕನಿಗೆ ಭೂಷಣವೇ ಎಂದೂ ಕೇಳಬಹುದು. ಅವನ ಸ್ವಂತ ಸೋದರತ್ತೆ, ಬೂತುಗನ ಅಕ್ಕ ಪಾಂಬಬ್ಬೆ, ತಲೆಗೂದಲು ಕಿತ್ತು ಮೂವತ್ತು ವರ್ಷ ತಪಸ್ಸು ಮಾಡಿ ಕ್ರಿ.ಶ. 971ರಲ್ಲಿ ದೇಹ ಬಿಟ್ಟಳು. ಒಂದೇ ಮನೆಯಲ್ಲಿ ಒಬ್ಬರು ಆರ್ಯಿಕೆಯ ದಾರಿಯಲ್ಲಿ, ಇನ್ನೊಬ್ಬರು ಯುದ್ಧದ ಹಾದಿಯಲ್ಲಿ.

ಮರುವರ್ಷ, 972ರಲ್ಲಿ, ದೊಡ್ಡ ಪೆಟ್ಟು ಬಿತ್ತು. ಕೃಷ್ಣ 967ರಲ್ಲೇ ತೀರಿಕೊಂಡಿದ್ದ. ಗದ್ದುಗೆಯಲ್ಲಿದ್ದವನು ಅವನ ತಮ್ಮ ಖೊಟ್ಟಿಗ. ಮಾಳವದ ಪರಮಾರ ಸೀಯಕ ನರ್ಮದೆ ದಾಟಿ ಬಂದು ಮಾನ್ಯಖೇಟವನ್ನೇ ಸೂರೆ ಮಾಡಿದ. ಅಲ್ಲಿ ನೆಲೆಸಿದ್ದ ಅಪಭ್ರಂಶದ ಜೈನ ಮಹಾಕವಿ ಪುಷ್ಪದಂತ ಆ ಊರಿನ ಹಾಳನ್ನು ಕಂಡು ಮರುಗಿದ್ದಾನೆ. ಚಕ್ರವರ್ತಿಯ ಬೀಡನ್ನು ಮಾನ್ಯಖೇಟದಲ್ಲಿ ಕಾಪಾಡಿದವನು ಮಾರಸಿಂಹ ಎಂದು ಕಂಬದ ಶಾಸನ ಹೇಳುವುದು ಈ ಸಂದರ್ಭಕ್ಕೇ ಹೊಂದುತ್ತದೆ. ಬೀಡು ಉಳಿಯಿತು, ಮಾನ ಉಳಿಯಲಿಲ್ಲ. ರಾಜಧಾನಿಯನ್ನೇ ಕಾಯಲಾಗದ ಒಡೆಯನ ಮಾತನ್ನು ಸಾಮಂತರು ಎಷ್ಟು ದಿನ ಕೇಳಿಯಾರು? ಮರುವರ್ಷವೇ, 973ರಲ್ಲಿ, ವಿಜಯಪುರ ಸೀಮೆಯ ತರ್ದವಾಡಿ ಸಾವಿರವನ್ನು ರಾಷ್ಟ್ರಕೂಟರಿಂದಲೇ ಪಡೆದು ಆಳುತ್ತಿದ್ದ ಚಾಲುಕ್ಯ ತೈಲಪ ಎದ್ದುನಿಂತು ಕೊನೆಯ ರಾಷ್ಟ್ರಕೂಟ ಕರ್ಕನನ್ನು ಉರುಳಿಸಿದ.

ಇಲ್ಲಿ ಮಾರಸಿಂಹನ ಯುದ್ಧನೀತಿಯ ದೋಷವೂ ಕಾಣುತ್ತದೆ. ದೂರದ ಗೂರ್ಜರರನ್ನೂ, ಎದುರಿಗೆ ನಿಂತ ನೊಳಂಬರನ್ನೂ ಅವನು ಗುರುತಿಸಿದ. ಸಾಮ್ರಾಜ್ಯದ ಒಳಗೇ ಸಂಬಳ ತಿನ್ನುತ್ತ, ಮಾನ್ಯಖೇಟಕ್ಕೆ ತನಗಿಂತ ಹತ್ತಿರ ಕೂತು ಬಲ ಕೂಡಿಸುತ್ತಿದ್ದ ತೈಲಪನ ಮೇಲೆ ಅವನ ಕಣ್ಣು ತಡವಾಗಿ ಬಿತ್ತು. ಅಂಗಡಿಗೆ ಹೊರಗಿನ ಕಳ್ಳನ ಭಯದಿಂದ ಎರಡು ಬೀಗ ಹಾಕಿ, ಗಲ್ಲಾಪೆಟ್ಟಿಗೆಯ ಕೀಲಿಯನ್ನು ಮುನೀಮನ ಕೈಯಲ್ಲೇ ಬಿಟ್ಟಂತಾಯಿತು.

ಆದರೂ ಅವನು ಕೈಚೆಲ್ಲಲಿಲ್ಲ. ಕೃಷ್ಣನ ಮೊಮ್ಮಗ, ತನ್ನ ಸೋದರಳಿಯನೂ ಆದ ನಾಲ್ವಡಿ ಇಂದ್ರನಿಗೆ ಪಟ್ಟ ಕಟ್ಟಿಸಿ ರಾಷ್ಟ್ರಕೂಟ ಮನೆತನವನ್ನು ಮತ್ತೆ ನಿಲ್ಲಿಸಲು ಹೆಣಗಿದ. ಹೊಸ ಒಡೆಯನ ಕಡೆ ಸೇರಿಕೊಂಡಿದ್ದರೆ ಬೆಳ್ವೊಲ, ಪುಲಿಗೆರೆ ಎರಡೂ ಉಳಿಯುತ್ತಿದ್ದವೇನೋ. ಎಷ್ಟೋ ಸಾಮಂತರು ಹಾಗೆಯೇ ಮಾಡಿದರು. ತಂದೆಗೆ ಅನ್ನವಿಟ್ಟ ಮನೆಯ ಹುಡುಗನನ್ನು ಬಿಡಲು ಮಾರಸಿಂಹ ಒಪ್ಪಲಿಲ್ಲ. ಇಂದ್ರ ಹೆಸರಿಗೆ ಮಾತ್ರ ದೊರೆಯಾದ. ಕುದುರೆಯ ಮೇಲೆ ಚೆಂಡಾಟದಲ್ಲಿ ಅವನನ್ನು ಮೀರಿಸುವವರಿರಲಿಲ್ಲವಂತೆ, ಬೆಳಗೊಳದ ಶಾಸನ ಅದನ್ನೇ ವಿಸ್ತಾರವಾಗಿ ಹೊಗಳುತ್ತದೆ. ಕಳೆದುಹೋದ ಸಾಮ್ರಾಜ್ಯ ಗೆದ್ದುಕೊಳ್ಳಲು ಆ ವಿದ್ಯೆ ಸಾಲದಾಯಿತು. ಕ್ರಿ.ಶ. 982ರಲ್ಲಿ ಅವನೂ ಶ್ರವಣಬೆಳಗೊಳದಲ್ಲಿ ಸಲ್ಲೇಖನ ಕೈಗೊಂಡ.

ಮಾರಸಿಂಹ ಪಟ್ಟ ಬಿಟ್ಟ. ಒಂದು ವರ್ಷ ಧರ್ಮಾಚರಣೆಯಲ್ಲಿ ಕಳೆದು, 974ರ ಸುಮಾರಿಗೆ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಪಾದಸನ್ನಿಧಿಯಲ್ಲಿ ಮೂರು ದಿನ ವ್ರತದಲ್ಲಿದ್ದು ಸಮಾಧಿ ಪಡೆದ. ಬಂಕಾಪುರ ಜಿನಧರ್ಮಕ್ಕೆ ಹಳೆಯ ನೆಲೆ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದದ್ದು ಅಲ್ಲಿಯೇ. ಅಜಿತಸೇನರು ಚಾವುಂಡರಾಯನಿಗೂ ಕವಿ ರನ್ನನಿಗೂ ಗುರುಗಳು. ಸೋತ ದೊರೆ ನಿರಾಶೆಯಿಂದ ಪ್ರಾಣ ಬಿಟ್ಟ ಎಂದು ಕೆಲವು ಚರಿತ್ರೆಕಾರರು ಬರೆದಿದ್ದಾರೆ. ಸಲ್ಲೇಖನದ ವಿಧಿ ತಿಳಿದವರು ಇದನ್ನು ಒಪ್ಪುವುದು ಕಷ್ಟ. ನಿರಾಶೆಯಲ್ಲಿ ಗುರುಗಳ ಅನುಮತಿ ಸಿಗುವುದಿಲ್ಲ. ಕಷಾಯ ಕಡಿಮೆಯಾಗದೆ ಆಹಾರ ಮಾತ್ರ ಬಿಟ್ಟರೆ ಅದು ಸಲ್ಲೇಖನವಲ್ಲ. ಪಟ್ಟ ಇಳಿದ ಕೂಡಲೇ ವ್ರತ ತೊಟ್ಟದ್ದಲ್ಲ, ನಡುವೆ ಒಂದು ವರ್ಷವಿದೆ. ಯುದ್ಧದ ಲೆಕ್ಕವನ್ನು ಮನಸ್ಸಿನಲ್ಲಿ ಚುಕ್ತಾ ಮಾಡಲು ಅಷ್ಟು ಸಮಯ ಅವನಿಗೆ ಬೇಕಾಗಿತ್ತು ಎಂದು ತಿಳಿಯುವುದೇ ಹೆಚ್ಚು ಸರಿ.

ಅವನ ಹಿಂದೆ ಗಂಗರ ಮನೆ ಎರಡಾಯಿತು. ರಾಚಮಲ್ಲ ಚಾವುಂಡರಾಯನ ಬೆಂಬಲದಿಂದ ಗಂಗವಾಡಿಯನ್ನು ಹಿಡಿದ. ಈಚೆಗೆ ಪಾಂಚಾಲದೇವ ಎಂಬ ಗಂಗ ವೀರ ಕೃಷ್ಣೆಯ ತೆಂಕಣ ನಾಡೆಲ್ಲ ತನ್ನದೆಂದು ಸಾರಿದ. ಗದಗ ತಾಲೂಕಿನ ಮುಳಗುಂದದಲ್ಲಿ 975ರ ಅವನ ಶಾಸನ ಸಿಕ್ಕಿದೆ. ತೈಲಪ ಕೆಲವೇ ವರ್ಷಗಳಲ್ಲಿ ಅವನನ್ನು ಮುಗಿಸಿ ಬೆಳ್ವೊಲ, ಪುಲಿಗೆರೆಗಳನ್ನು ಚಾಲುಕ್ಯರ ನೆಲವಾಗಿ ಮಾಡಿದ. ಆ ತೈಲಪನ ಸೇನೆಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯ ಪತಿ ನಾಗದೇವ ದಂಡನಾಯಕನಾಗಿದ್ದ. ಆ ಕಾಲದ ಯುದ್ಧಗಳಲ್ಲಿ ಜಿನಭಕ್ತರು ಎರಡು ಪಾಳಯದಲ್ಲೂ ಇದ್ದರು. ಅತ್ತಿಮಬ್ಬೆ 1007ರಲ್ಲಿ ಲಕ್ಕುಂಡಿಯ ಬ್ರಹ್ಮ ಜಿನಾಲಯ ಕಟ್ಟಿಸಿದಾಗ, ಆ ನೆಲ ಗಂಗರ ಕೈ ತಪ್ಪಿ ಮೂವತ್ತು ವರ್ಷಗಳಾಗಿದ್ದವು.

ಗಂಗರು ಈ ಸೀಮೆಯಲ್ಲಿ ಕಟ್ಟಿಸಿದ ಬಸದಿಗಳಿಗೆ ಮುಂದೆ ಕೆಟ್ಟ ದಿನ ಬಂತು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಚೋಳ ರಾಜಾಧಿರಾಜ ಬೆಳ್ವೊಲಕ್ಕೆ ನುಗ್ಗಿ, ಅಣ್ಣಿಗೇರಿಯಲ್ಲಿ ಬೂತುಗ ಕಟ್ಟಿಸಿದ್ದ ಗಂಗಪೆರ್ಮಾಡಿ ಜಿನಾಲಯವೂ ಸೇರಿ ಇಲ್ಲಿಯ ಬಸದಿಗಳನ್ನು ಸುಟ್ಟ. 1054ರಲ್ಲಿ ಕೊಪ್ಪಂ ಯುದ್ಧದಲ್ಲಿ ಆ ರಾಜಾಧಿರಾಜನೂ ಆನೆಯ ಮೇಲೆಯೇ ಚಾಲುಕ್ಯರ ಬಾಣಗಳಿಗೆ ಬಿದ್ದ. ತಕ್ಕೋಲದಲ್ಲಿ ರಾಜಾದಿತ್ಯ ಸತ್ತ ಹಾಗೆಯೇ, ನೂರೈದು ವರ್ಷಗಳ ತರುವಾಯ. ಈ ಸಂಗತಿಗಳನ್ನೆಲ್ಲ ಬರೆದಿಟ್ಟದ್ದು ಗದಗ ತಾಲೂಕಿನ ಗಾವರವಾಡದ ಶಾಸನ. 1071ರ ಸುಮಾರಿಗೆ ಬೆಳ್ವೊಲ, ಪುಲಿಗೆರೆಗಳನ್ನು ಆಳುತ್ತಿದ್ದ ಲಕ್ಷ್ಮರಸ ಅಣ್ಣಿಗೇರಿಯ ಆ ಬಸದಿಯನ್ನು ಮತ್ತೆ ಕಟ್ಟಿಸಿ, ಪೂಜೆ ಮತ್ತು ಆಹಾರದಾನ ನಿಲ್ಲದಂತೆ ಭೂಮಿ ಬಿಡಿಸಿದನೆಂದು ಅದರಲ್ಲಿದೆ.